ತೊಗಲಿನ ಹದವೂ ಯಜಮಾನರ ಹೊಣೆಯೂ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರು ಎತ್ತುಗಳನ್ನು ಕೊಳ್ಳುವುದರಲ್ಲಿ ತೋರುವ ಜಾಣತನವನ್ನು ಎಲ್ಲರೂ ಬಲ್ಲರು. ಹಳ್ಳಿಕಾರ್ ತಳಿಯ ಹೋರಿಯೊಂದನ್ನು ಕಂಡರೆ ಅದರ ಸುಳಿ, ಹಲ್ಲು, ಗೊರಸು, ನಡಿಗೆ ಇಷ್ಟನ್ನೂ ಪರೀಕ್ಷಿಸಿ ನೋಡದೆ ಯಾರೂ ಹಣದ ಚೀಲವನ್ನು ಬಿಚ್ಚುವುದಿಲ್ಲ. ಆದರೆ ಅದೇ ಎತ್ತಿನ ಕೊರಳ ಪಟ್ಟಿಯನ್ನಾಗಲಿ, ನೊಗಕ್ಕೆ ಬಿಗಿಯುವ ಜತ್ತಿಗೆಯನ್ನಾಗಲಿ ಕೊಳ್ಳುವಾಗ, ಮೇಲಿನ ಬಣ್ಣಕ್ಕೆ ಮರುಳಾಗಿ ಸಂತೆಯಲ್ಲಿ ಕೈಗೆ ಸಿಕ್ಕಿದುದನ್ನು ತರುವವರೇ ಹೆಚ್ಚು. ಕಬ್ಬು ತುಂಬಿದ ಗಾಡಿಯು ಕಾರ್ಖಾನೆಯ ದಾರಿಯಲ್ಲಿರುವಾಗ ಜತ್ತಿಗೆ ಹರಿದರೆ ಒಂದು ಎತ್ತು ನೊಗದಿಂದ ಕಳಚಿಕೊಳ್ಳುವುದು. ಭಾರವೆಲ್ಲವೂ ಇನ್ನೊಂದರ ಹೆಗಲಿಗೆ ಬೀಳುವುದು. ಆಗ ನಾವು ಕಸುಬಿನವನನ್ನು ದೂರುತ್ತೇವೆ. ತಪ್ಪಿನ ಬಹುಪಾಲು ತೊಗಲನ್ನು ಕೆಡಿಸಿ ಕೊಟ್ಟು, ಗುಣವರಿಯದೆ ಕೊಳ್ಳುವ ನಮ್ಮದೇ ಎಂಬುದು ಈ ಲೇಖನದ ಅಭಿಪ್ರಾಯ.

ಹಿಂದೆ ಈ ವಿಚಾರದಲ್ಲಿ ಹಳ್ಳಿಯವರಿಗೆ ಇಷ್ಟು ಅಜ್ಞಾನವಿರಲಿಲ್ಲ. ಕಪಿಲೆ ಬಾವಿಗಳಿದ್ದ ಕಾಲದಲ್ಲಿ ನೀರೆತ್ತುವ ತೊಗಲ ಚೀಲ ಮತ್ತು ಮಿಣಿಗಳು ಚೆನ್ನಾಗಿದ್ದರೆ ಪೈರು, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿಯಿದ್ದುದರಿಂದ, ತೊಗಲಿನ ಹದವನ್ನು ಒಕ್ಕಲಿಗನೂ ಅರಿತಿರಬೇಕಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬವರು ಕ್ರೋಮ್ ಲವಣದಿಂದ ತೊಗಲನ್ನು ಹದಮಾಡಿಸಿದಾಗ, ಅವರ ಉದ್ದೇಶಗಳಲ್ಲಿ ಬಾವಿಯಿಂದ ನೀರೆತ್ತುವ ಚೀಲಗಳು ಹೆಚ್ಚು ಕಾಲ ಬಾಳಬೇಕೆಂಬುದೂ ಒಂದಾಗಿತ್ತು. ಅವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇಂದು ವಿಶ್ವೇಶ್ವರಯ್ಯ ನಾಲೆಯೆನಿಸಿರುವ ಇರ್ವಿನ್ ನಾಲೆಯಲ್ಲಿ ಹರಿದು ಬಂದಿತು, ಅನಂತರ ಪಂಪುಗಳು ಬಂದವು, ಕಪಿಲೆಗಳು ನಿಂತುಹೋದವು. ನೀರು ಬಂದುದು ನಮ್ಮ ಭಾಗ್ಯ. ಆದರೆ ಕಪಿಲೆಯೊಡನೆ ತೊಗಲಿನ ಅರಿವೂ ಹೋದುದು ನಷ್ಟವೇ ಸರಿ.

ತೊಗಲಿನ ಬೆಲೆಯು ದನವು ಬದುಕಿರುವಾಗಲೇ ನಿರ್ಧರವಾಗುತ್ತದೆ. ರೋಗಕ್ಕೆಂದು ಬೆನ್ನು ಪಕ್ಕೆಗಳ ಮೇಲೆ ಹಾಕಿದ ಬರೆ, ಬಾರುಕೋಲಿನ ಮೊಳೆಯ ಗೀರು, ಬೇಲಿಯ ಜಾಲಿಮುಳ್ಳು, ಉಣ್ಣೆಯ ಕಡಿತ ಇವೆಲ್ಲವೂ ಹದಮಾಡಿದ ಮೇಲೂ ಅಳಿಯದೆ ಉಳಿಯುತ್ತವೆ. ಪಟ್ಟಿಯು ಹರಿಯುವುದು ಅಲ್ಲಿಯೇ. ಬರೆಯಿಂದ ರೋಗವೂ ವಾಸಿಯಾಗದು, ತೊಗಲೂ ಉಳಿಯದು. ದನವು ಸತ್ತ ಮೇಲೆ ನಮ್ಮ ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಕೊಳೆತವು ಪ್ರಾರಂಭವಾಗುವುದರಿಂದ ತಡಮಾಡದೆ ಸುಲಿಸಬೇಕು. ರಕ್ತವನ್ನು ತೊಳೆದು, ಅಂಟಿದ ಮಾಂಸವನ್ನು ತೆಗೆದು, ನೆರಳಿನಲ್ಲಿ ಮಾಂಸದ ಮೈಯನ್ನು ಮೇಲುಮಾಡಿ ಹರಡಿ, ತೊಗಲಿನ ತೂಕದ ಮೂರರಲ್ಲೊಂದು ಪಾಲಿಗೆ ಕಡಮೆಯಿಲ್ಲದಂತೆ ಉಪ್ಪನ್ನು ಎಲ್ಲ ಕಡೆಗೂ ಉಜ್ಜತಕ್ಕದ್ದು. ಬಿಸಿಲಿನಲ್ಲಿ ನೆಲಕ್ಕೆ ಗೂಟ ಹೊಡೆದು ಒಣಗಿಸಿದ ತೊಗಲು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಕೊಳೆತಿರುವುದುಂಟು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಚೆನ್ನಾಗಿದ್ದ ದನವು ಹಠಾತ್ತಾಗಿ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಸೋರುತ್ತಿದ್ದರೆ ಅದು ನೆರಡಿ ರೋಗವಾಗಿರಬಹುದು. ಅಂತಹ ದನದ ಮೇಲೆ ಕತ್ತಿಯನ್ನಿಡಲೇಕೂಡದು. ಅದರ ವಿಷಬೀಜಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುವುವಲ್ಲದೆ, ಸುಲಿಯುವವನ ಕೈಯ ಗಾಯದಿಂದ ಒಳಸೇರಿ ಅವನ ಪ್ರಾಣವನ್ನೇ ತೆಗೆಯಬಲ್ಲವು. ಕೂಡಲೆ ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಸುಡಬೇಕು ಇಲ್ಲವೆ ಆಳವಾಗಿ ಹೂಳಬೇಕು. ಒಂದು ತೊಗಲಿನ ಆಸೆಗೆ ಒಬ್ಬ ಮನುಷ್ಯನನ್ನು ಬಲಿಗೊಡುವುದು ಯಾವ ಯಜಮಾನಿಕೆಗೂ ಶೋಭೆಯಲ್ಲ.

ಇನ್ನು ಹದದ ವಿಚಾರ. ತಂಗಡಿ ಚಕ್ಕೆ, ಜಾಲಿ ಚಕ್ಕೆ, ಅಳಲೆಕಾಯಿ ಇವುಗಳ ಒಗರಿನಿಂದ ಹದಮಾಡಿದ ತೊಗಲು ಬಿರುಸಾಗಿದ್ದು, ಒದ್ದೆಮಾಡಿ ಬಾಗಿಸಿದ ಆಕಾರದಲ್ಲಿ ನಿಲ್ಲುತ್ತದೆ, ಬೇಗ ಹಿಗ್ಗುವುದಿಲ್ಲ. ಕ್ರೋಮ್ ತೊಗಲು ಮೆತ್ತಗಿದ್ದು ನೀರನ್ನೂ ಬಿಸಿಯನ್ನೂ ತಡೆಯುತ್ತದೆಯಾದರೂ ಎಳೆದರೆ ಹಿಗ್ಗುತ್ತದೆ. ಆದಕಾರಣ ಭಾರ ಎಳೆಯುವ ಪಟ್ಟಿ, ಜತ್ತಿಗೆಗಳಿಗೆ ಚಕ್ಕೆಯ ಹದದ್ದೂ, ಕೆಸರಿನಲ್ಲಿ ನೆನೆಯುವ ಸಾಮಾನುಗಳಿಗೆ ಕ್ರೋಮ್ ಹದದ್ದೂ ಮೇಲು. ಕೊಳ್ಳುವ ಮುನ್ನ ಒಂದು ಅಂಚನ್ನು ಕತ್ತರಿಸಿ ನೋಡಿರಿ. ಚಕ್ಕೆಯ ಹದದ ತೊಗಲು ಅಂಚಿನಿಂದ ಅಂಚಿಗೆ ಒಂದೇ ಕಂದುಬಣ್ಣವಿರಬೇಕು. ನಡುವೆ ಬಿಳುಪಾದ ಗೆರೆಯಿದ್ದರೆ ಹದವು ಒಳಗಿಳಿದಿಲ್ಲ. ಮಳೆಗೆ ಸಿಕ್ಕಿದರೆ ಅದು ಕೊಳೆಯುತ್ತದೆ. ಕೂದಲಿದ್ದ ಮೈ ಹೊರಗಾಗುವಂತೆ ಮಡಿಸಿದಾಗ ಬಿರುಕು ಬಿಡುವ ತೊಗಲನ್ನು ಅಗ್ಗವೆಂದು ತರಬೇಡಿರಿ.

ಕತ್ತರಿಸುವಲ್ಲಿ ತಿಳಿಯತಕ್ಕ ಮುಖ್ಯ ಸಂಗತಿಯೆಂದರೆ, ಒಂದೇ ತೊಗಲಿನ ಎಲ್ಲ ಭಾಗಗಳೂ ಒಂದೇ ಗುಣದವಲ್ಲ. ಬೆನ್ನೆಲುಬಿನ ಇಕ್ಕೆಲಗಳ ಭಾಗವು ಬಿಗಿಯಾಗಿದ್ದು ಅತ್ಯಂತ ಬಲವುಳ್ಳದ್ದು. ಹೊಟ್ಟೆಯ ಭಾಗವು ಸಡಿಲು, ಎಳೆದತ್ತ ಹಿಗ್ಗುವುದು. ಪಟ್ಟಿಗಳನ್ನು ಬೆನ್ನಿನಿಂದ, ತಲೆಯಿಂದ ಬಾಲದ ಕಡೆಗೆ ಉದ್ದುದ್ದವಾಗಿ ಕತ್ತರಿಸಬೇಕು. ಹೊಟ್ಟೆಯ ಭಾಗವನ್ನು ಒಳಮೆತ್ತೆಗೆ ಇಡಬಹುದು. ಒಳ್ಳೆಯ ತೊಗಲನ್ನು ಅಡ್ಡಡ್ಡವಾಗಿ ಕತ್ತರಿಸಿ ಕೆಡಿಸಿದವರು ಬಹಳ ಮಂದಿ.

ಸಲಕರಣೆಗಳು ಹೆಚ್ಚು ಬೇಡ. ಹರಿತವಾದ ರಂಪಿಗೆ, ಸಾಣೆಕಲ್ಲು, ಕಬ್ಬಿಣದ ಅಳತೆಪಟ್ಟಿ, ಆರೆ, ತೂತು ಕೊರೆಯುವ ದುಂಡು ಉಳಿ, ಮರದ ಕೊಡತಿ, ಎರಡು ಸೂಜಿ, ಮೇಣ ಸವರಿದ ಗಟ್ಟಿ ದಾರ, ಇಷ್ಟಿದ್ದರೆ ಸಾಕು. ಮೊಂಡು ಕತ್ತಿಯು ಬಲವಾಗಿ ಒತ್ತಿದಾಗ ಜಾರಿ ಕೈಯನ್ನು ಸೀಳುವುದರಿಂದ, ಹರಿತವಾದ ಕತ್ತಿಗಿಂತ ಅದೇ ಹೆಚ್ಚು ಅಪಾಯಕರ. ಸೀಳಿನ ತುದಿಯಲ್ಲಿ ದುಂಡಾದ ತೂತನ್ನು ಮಾಡಿದರೆ ಸೀಳು ಮುಂದುವರಿಯದು. ಒಂದೇ ದಾರದ ಎರಡು ತುದಿಗಳಿಗೂ ಸೂಜಿ ಪೋಣಿಸಿ, ಪ್ರತಿಯೊಂದು ತೂತಿನಲ್ಲಿಯೂ ಎರಡನ್ನೂ ಎದುರುಬದುರಾಗಿ ಹಾಯಿಸಿದ ಹೊಲಿಗೆಯು ಶ್ರೇಷ್ಠವಾದುದು. ಒಂದೆಡೆ ದಾರ ಸವೆದರೂ ಮಿಕ್ಕ ಹೊಲಿಗೆಯು ನಿಲ್ಲುತ್ತದೆ. ಯಂತ್ರದ ಹೊಲಿಗೆಯಂತೆ ಬೇಗನೆ ಬಿಚ್ಚಿಕೊಳ್ಳುವುದಿಲ್ಲ. ದಾರವು ಸಣ್ಣ ಗೀರಿನೊಳಗೆ ಕುಳಿತಿರಬೇಕು. ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿರಬೇಕು. ಇಲ್ಲವಾದರೆ ಎತ್ತಿನ ಕೊರಳು ಹುಣ್ಣಾಗುವುದು. ಕಬ್ಬಿಣದ ಮೊಳೆಯು ಚಕ್ಕೆಯ ಹದದ ತೊಗಲನ್ನು ಕಪ್ಪಾಗಿಸಿ ಕೆಡಿಸುವುದರಿಂದ ಹಿತ್ತಾಳೆಯದನ್ನೇ ಕೇಳಿರಿ.

ಮನೆಗೆ ತಂದ ಮೇಲೆ ಬೆವರಿನ ಉಪ್ಪನ್ನು ಒದ್ದೆಬಟ್ಟೆಯಿಂದ ಒರಸಿ, ನೆರಳಿನಲ್ಲಿ ಆರಿಸಿ, ಇನ್ನೂ ಸ್ವಲ್ಪ ತೇವವಿರುವಾಗಲೇ ಹರಳೆಣ್ಣೆಯನ್ನಾಗಲಿ ಹೊಂಗೆಯೆಣ್ಣೆಯನ್ನಾಗಲಿ ತೆಳುವಾಗಿ ಸವರಬೇಕು. ಗಂಜಲ ನಿಲ್ಲುವ ಕೊಟ್ಟಿಗೆಯ ಮೂಲೆಯಲ್ಲಿ ಎಸೆಯಬಾರದು. ಒಲೆಯ ಬಳಿ ಒಣಗಿಸಬಾರದು. ನೈಲಾನ್ ಹಗ್ಗವಿರುವಾಗ ಈ ಶ್ರಮವೇಕೆಂದು ಕೆಲವರು ಕೇಳುತ್ತಾರೆ. ಗೂಟಕ್ಕೆ ಕಟ್ಟಲು ಅದು ಸಾಕು. ಅಗ್ಗವೂ ಹೌದು, ಕೊಳೆಯುವುದೂ ಇಲ್ಲ. ಆದರೆ ನೊಗದಡಿ ದುಡಿಯುವ ಕೊರಳಿಗೆ ಆ ಸಣ್ಣ ಹಗ್ಗವು ಗರಗಸದಂತೆ ಕೊಯ್ಯುವುದನ್ನು ನೋಡಿದವರು ಮತ್ತೆ ಈ ಪ್ರಶ್ನೆಯನ್ನು ಕೇಳಲಾರರು.

ಕೊನೆಯದಾಗಿ, ಈ ಕೆಲಸವನ್ನು ಮಾಡುವವನ ವಿಚಾರ. ವರ್ಷಕ್ಕೊಮ್ಮೆ ಕಣದಲ್ಲಿ ಹಡದೆಯೆಂದು ನಾಲ್ಕು ಮೊರ ಧಾನ್ಯವನ್ನು ಅಳೆದುಕೊಟ್ಟು, ಸತ್ತ ದನವನ್ನು ಎಳೆಯುವುದರಿಂದ ಮೊದಲ್ಗೊಂಡು ಮೆಟ್ಟು ಹೊಲಿಯುವವರೆಗೆ ಎಲ್ಲವನ್ನೂ ಒಂದು ಕುಲದವರ ತಲೆಗೆ ಕಟ್ಟಿದ್ದ ಪದ್ಧತಿಯು ಅನ್ಯಾಯವಾದುದು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಪರಿಶಿಷ್ಟ ಜಾತಿಯವರಿಂದ ದನದ ಹೆಣವನ್ನು ಹೊರಿಸುವುದು 1989ರ ದೌರ್ಜನ್ಯ ತಡೆ ಅಧಿನಿಯಮಕ್ಕೆ 2015ರಲ್ಲಿ ಆದ ತಿದ್ದುಪಡಿಯ ಮೇರೆಗೆ ಶಿಕ್ಷಾರ್ಹ ಅಪರಾಧವಾಗಿದೆ. ಕಾನೂನಿನ ಭಯ ಹಾಗಿರಲಿ. ಹರಳಯ್ಯನವರನ್ನು ಶರಣರೆಂದು ಕೈಮುಗಿಯುವ ನಾಡಿನಲ್ಲಿ ಅವರ ಕಾಯಕದವರನ್ನು ಜಗಲಿಯ ಕೆಳಗೆ ನಿಲ್ಲಿಸುವುದು ನಾಚಿಕೆಗೇಡು.

ತಂದೆಯ ಕಸುಬನ್ನು ಮಗನು ಬಿಟ್ಟು ಹೋದನೆಂದು ಯಜಮಾನರು ಕೊರಗುವುದರಲ್ಲಿ ಅರ್ಥವಿಲ್ಲ; ಅವನು ಹೋದುದು ಅವಮಾನವನ್ನೂ ಅರೆಹೊಟ್ಟೆಯನ್ನೂ ಬಿಟ್ಟು. ತಾನಾಗಿ ಈ ಕೆಲಸವನ್ನು ಮಾಡಲಿಚ್ಛಿಸುವವನಿಗೆ, ಅವನು ಯಾವ ಕುಲದವನೇ ಆಗಲಿ, ಒಳ್ಳೆಯ ತೊಗಲನ್ನು ಒದಗಿಸಿ, ಬೆಲೆಯನ್ನು ಮೊದಲೇ ಗೊತ್ತುಮಾಡಿ, ಕೆಲಸವು ಮುಗಿದ ದಿನವೇ ರೊಕ್ಕವನ್ನು ಎಣಿಸಿ ಕೊಡತಕ್ಕದ್ದು. 1976ರಲ್ಲಿ ಸ್ಥಾಪಿತವಾಗಿ ಲಿಡ್ಕರ್ ಎಂದು ಹೆಸರಾದ ರಾಜ್ಯದ ಚರ್ಮ ಕೈಗಾರಿಕೆ ಅಭಿವೃದ್ಧಿ ನಿಗಮವು ಈ ಕಸುಬಿನವರಿಗಾಗಿಯೇ ಇದೆ. ಅದರ ನೆರವನ್ನು ತಮ್ಮ ಹಳ್ಳಿಯವರಿಗೆ ತಿಳಿಸುವುದು ಮುಖಂಡರ ಕೆಲಸ. ಹೀಗೆ ನಡೆದುಕೊಂಡ ಹಳ್ಳಿಯಲ್ಲಿ ಗಟ್ಟಿಯಾದ ಪಟ್ಟಿಗೆ ಕೊರತೆಯಾಗದು, ಎತ್ತಿನ ಕೊರಳಿಗೆ ಹುಣ್ಣಾಗದು. ಮುಂದಿನ ಸಂತೆಯಲ್ಲಿ ಜತ್ತಿಗೆಯನ್ನು ಕೈಗೆ ತೆಗೆದುಕೊಂಡಾಗ ಅದರ ಅಂಚನ್ನು ಒಮ್ಮೆ ನೋಡಿರಿ. ಅದನ್ನು ಹೊಲಿದವನಿಗೆ ಸಲ್ಲತಕ್ಕದ್ದು ಸಂದಿತೇ ಎಂಬುದನ್ನೂ ಕೇಳಿರಿ.