ಇಳಿಯುವ ಮುನ್ನ ಒಂದು ಕಿವಿಮಾತು

ವಿಮಾನ ಹತ್ತಿ ಕೂತರೆ ಸಾಕು, ಬೆಲ್ಟ್ ಹಾಕೋದು ಹೇಗೆ, ಲೈಫ್ ಜಾಕೆಟ್ ಊದೋದು ಹೇಗೆ ಅಂತ ಕೈಸನ್ನೆ ಮಾಡಿ ತೋರಿಸ್ತಾರೆ. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ನಮ್ಮಲ್ಲಿ ಎಷ್ಟು ಜನಕ್ಕೆ ಜೀವಮಾನದಲ್ಲಿ ಆ ಜಾಕೆಟ್ ಬೇಕಾದೀತು ಹೇಳಿ? ಕಿವಿನೋವು ಹಾಗಲ್ಲ, ಎಷ್ಟೋ ಜನಕ್ಕೆ ಬರುತ್ತೆ. ಅದರ ಬಗ್ಗೆ ಮಾತ್ರ, ನಾನು ಹತ್ತಿದ ವಿಮಾನಗಳಲ್ಲಿ ಯಾರೂ ಚಕಾರ ಎತ್ತಿದ್ದು ಕೇಳಿಲ್ಲ!

ನಮಗೆ ಇದು ಹೊಸ ಅನುಭವವೇನಲ್ಲ. ಬಸ್ಸಿನಲ್ಲಿ ಶಿರಾಡಿನೋ ಆಗುಂಬೆನೋ ಘಾಟಿ ಇಳಿಯುವಾಗ ಕಿವಿ 'ಗುಂಯ್' ಅಂದು ಕಟ್ಟಿಕೊಳ್ಳುತ್ತಲ್ಲ, ಅದೇ ಕಥೆ. ಕಿವಿತಮಟೆಯ ಹಿಂದೆ ಒಂದಿಷ್ಟು ಗಾಳಿ ಇರುತ್ತೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಯೂಸ್ಟೇಶಿಯನ್ ನಳಿಕೆ ಅಂತ ಒಂದು ಪುಟ್ಟ ದಾರಿ. ಮೇಲೇರುವಾಗ ಒಳಗಿನ ಗಾಳಿ ಹಿಗ್ಗಿ ಸುಲಭವಾಗಿ ಹೊರಗೆ ಹೋಗುತ್ತೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಾಗಿ ತಮಟೆಯನ್ನು ಒಳಕ್ಕೆ ತಳ್ಳುತ್ತೆ, ಆದರೆ ನಳಿಕೆ ಅಷ್ಟು ಸುಲಭಕ್ಕೆ ತೆರೆಯಲ್ಲ. ನಾವು ನುಂಗಬೇಕು, ಇಲ್ಲಾ ಆಕಳಿಸಬೇಕು. ನೋವೆಲ್ಲ ಇಳಿಯುವಾಗಲೇ ಜಾಸ್ತಿ ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ವಿಮಾನ ಎತ್ತರದಲ್ಲಿದ್ದಾಗ ಒಳಗಿನ ಒತ್ತಡ ಸಾಮಾನ್ಯವಾಗಿ 6000ದಿಂದ 8000 ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗಿರುತ್ತೆ. ಅಂದರೆ ಹೆಚ್ಚುಕಮ್ಮಿ ಮುಳ್ಳಯ್ಯನಗಿರಿಯ ತುದಿ, ಅಥವಾ ಇನ್ನೂ ಮೇಲೆ. ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿದೆ, ಬಚಾವ್. ಸಮುದ್ರದ ಪಕ್ಕದ ಮುಂಬಯಿಗೆ ಇಳಿಯುವಾಗ ಕಿವಿಗೆ ಇನ್ನೂ ಹೆಚ್ಚು ಕೆಲಸ.

ಹಳಬರಿಗೆ ನೆನಪಿರಬಹುದು, ಇಂಡಿಯನ್ ಏರ್‌ಲೈನ್ಸ್ ಕಾಲದಲ್ಲಿ ತಟ್ಟೆಯಲ್ಲಿ ಚಾಕಲೇಟು ಹಿಡಿದು ಬರೋರು. ಅದು ಬರೀ ಉಪಚಾರವಲ್ಲ. ಚೀಪಿದರೆ ಜೊಲ್ಲು ಬರುತ್ತೆ, ನುಂಗ್ತೀವಿ, ನಳಿಕೆ ತೆರೆಯುತ್ತೆ! 2003ರಲ್ಲಿ ಏರ್ ಡೆಕ್ಕನ್ ಬಂದು ಅಗ್ಗದ ಟಿಕೆಟ್ಟಿನ ಕಾಲ ಶುರುವಾಯ್ತು, ನಮ್ಮಂಥವರೂ ವಿಮಾನ ಹತ್ತುವಂತಾಯ್ತು. ಚಾಕಲೇಟು ಹೋಯ್ತು. ಹೋಗಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ಮೊದಲ ಸಲ ಹತ್ತುವವರು ಇಷ್ಟೊಂದು ಜನ ಇರುವಾಗ ಅದರ ಬದಲು ಒಂದು ಮಾತಾದರೂ ಬರಬೇಕಿತ್ತಲ್ಲ, ಅದೇ ಬೇಜಾರು.

ಇದರ ಪೆಟ್ಟು ಹೆಚ್ಚು ಬೀಳೋದು ಮಕ್ಕಳಿಗೆ. ಒಮ್ಮೆ ನನ್ನ ಪಕ್ಕದ ಸಾಲಿನಲ್ಲಿ ಮಲಗಿದ್ದ ಕೂಸೊಂದು ವಿಮಾನ ಇಳಿಯುವಾಗ ಕಿಟಾರನೆ ಕಿರುಚಿಕೊಂಡು ಎದ್ದಿತು. ಹಿಂದಿನ ಸೀಟಿನವರು "ಮಗೂನ ಸುಮ್ಮನಿರಿಸೋಕೂ ಬರಲ್ವಾ" ಅಂತ ಗೊಣಗಿದರು. ಆ ತಾಯಿ ತಲೆ ತಗ್ಗಿಸಿದರು. ಅದು ಹಟ ಅಲ್ಲ ಸ್ವಾಮಿ, ನೋವು! ಮಕ್ಕಳ ನಳಿಕೆ ಸಣ್ಣದು, ನುಂಗು ಅಂದರೆ ಅವಕ್ಕೆ ತಿಳಿಯಲ್ಲ. ಇಳಿಯೋಕೆ ಶುರುವಾದಾಗಲೇ ಎಬ್ಬಿಸಿ ಹಾಲು ಕೊಡಬೇಕು ಅಂತ ಆ ತಾಯಿಗೆ ಯಾರಾದರೂ ಹೇಳಿದ್ದರೆ?

ಅದಕ್ಕೇ ನಾನು ಕೇಳೋದು ಇಷ್ಟೇ. "ವಿಮಾನ ಇಳಿಯಲು ಆರಂಭಿಸಿದೆ. ಮಲಗಿರುವವರು ಎದ್ದು ಆಗಾಗ ಎಂಜಲು ನುಂಗುತ್ತಿರಿ, ಮಕ್ಕಳಿಗೆ ಕುಡಿಯಲು ಏನಾದರೂ ಕೊಡಿ." ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ವಿಮಾನಗಳಲ್ಲಿ ಇದನ್ನು ಕನ್ನಡದಲ್ಲೂ ಹೇಳಲಿ. ಅರ್ಧ ನಿಮಿಷವೂ ಹಿಡಿಯಲ್ಲ, ಪೈಸೆ ಖರ್ಚಿಲ್ಲ.

ಅಲ್ಲಿಯವರೆಗೆ ನಾವೇ ನೋಡಿಕೊಳ್ಳಬೇಕು. ಇಳಿಯುವ ಹೊತ್ತಿಗೆ ನಿದ್ದೆ ಬೇಡ, ನಿದ್ದೆಯಲ್ಲಿ ನುಂಗೋದು ಕಡಿಮೆ. ಚ್ಯೂಯಿಂಗ್ ಗಮ್ ಅಗಿಯಿರಿ. ಪುಟ್ಟ ಮಕ್ಕಳಿಗೆ ಮಾತ್ರ ಗಟ್ಟಿ ಪೆಪ್ಪರ್‌ಮೆಂಟು ಬೇಡ, ಗಂಟಲಿಗೆ ಸಿಕ್ಕಿಕೊಂಡೀತು. ಕಿವಿ ಕಟ್ಟಿದರೆ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಮೂಗಿನಿಂದ ಗಾಳಿ ಊದಿ. ಇದಕ್ಕೆ ಇಟಲಿಯ ವಲ್ಸಾಲ್ವಾ (1666-1723) ಎಂಬ ವೈದ್ಯರ ಹೆಸರಿದೆ. ಜೋರು ಮಾಡಬೇಡಿ, ಕಿವಿಗೆ ಪೆಟ್ಟಾದೀತು. ನೆಗಡಿಯಿಂದ ಮೂಗು ಪೂರ್ತಿ ಕಟ್ಟಿದ್ದರೆ ಪ್ರಯಾಣ ಮುಂದೂಡೋದೇ ವಾಸಿ, ಇಲ್ಲವೇ ಮೊದಲೇ ಡಾಕ್ಟರನ್ನು ಕೇಳಿ. ನಳಿಕೆ ಊದಿಕೊಂಡು ಮುಚ್ಚಿಹೋದರೆ ತಮಟೆ ಹರಿಯುವುದೂ ಉಂಟು. ಇಳಿದು ಒಂದೆರಡು ದಿನವಾದರೂ ನೋವು ಹೋಗದಿದ್ದರೆ, ಕಿವಿ ಸರಿಯಾಗಿ ಕೇಳದಿದ್ದರೆ, ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಹೋಗಿ.

ಮತ್ತೆ, ಮುಂದಿನ ಸಲ ವಿಮಾನದಲ್ಲಿ ಮಗು ಅತ್ತರೆ ಗೊಣಗಬೇಡಿ. ಅದರ ಅಮ್ಮನಿಗೆ ಈ ಮಾತು ಹೇಳಿ. ಏನಂತೀರಿ?