ಹಳೆಯ ಲಾರಿಯ ಬೆನ್ನೆಲುಬು

ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಮೂಟೆಗಳನ್ನು ಹೊತ್ತು ತಂದ ಲಾರಿಗೂ ಒಂದು ದಿನ ಮುಪ್ಪು ಬರುವುದು. ಹಾವೇರಿ, ರಾಣೇಬೆನ್ನೂರುಗಳ ಹೆದ್ದಾರಿಯಂಚಿನ ಗುಜರಿಯಲ್ಲಿ ಅಂಥದೊಂದು ಲಾರಿಯ ಚಾಸಿ ಕಣ್ಣಿಗೆ ಬಿದ್ದರೆ, ಅದರ ಮೇಲೆ ತನ್ನದೇ ಮೋಟಾರು ಕಟ್ಟಬೇಕೆಂಬ ಆಸೆ ತರುಣನಿಗೆ ಹುಟ್ಟುವುದು ಸಹಜ. ಹಳೆಯ ಗಾಡಿಗೆ ಬಲವಾದ ಎಂಜಿನನ್ನು ಕೂಡಿಸಿ ಓಡಿಸುವ ಈ ಹವ್ಯಾಸಕ್ಕೆ ಅಮೆರಿಕದಲ್ಲಿ ‘ಹಾಟ್ ರಾಡ್’ ಎಂದು ಹೆಸರು.

ಆದರೆ ಕೊಳ್ಳುವ ಮೊದಲು ಚಾಸಿಯ ಪೂರ್ವೋತ್ತರ ತಿಳಿಯಬೇಕು. ಮುಂಭಾಗದ ಲಾಂಛನವನ್ನಷ್ಟೇ ನಂಬಲಾಗದು. 1954ರ ಒಪ್ಪಂದದ ಬಳಿಕ ಟಾಟಾ ಲಾರಿಗಳು ಮರ್ಸಿಡಿಸ್-ಬೆಂಜ್ ನಕ್ಷತ್ರವನ್ನು ಧರಿಸಿದ್ದುವು. ಅದನ್ನು ಬೇರೊಂದು ಲಾರಿಗೆ ಕೂಡಿಸುವುದು ಕಷ್ಟವಲ್ಲ. ತುಕ್ಕನ್ನುಜ್ಜಿ, ಉದ್ದ ತೊಲೆಯ ಮೇಲೆ ಒತ್ತಿದ ಸಂಖ್ಯೆಯನ್ನು ಓದಬೇಕು. ಮೂಲೆಯಿಂದ ಮೂಲೆಗೆ ದಾರ ಹಿಡಿದಾಗ ಎರಡು ಅಳತೆಗಳೂ ಸಮನಾಗದಿದ್ದರೆ ಚಾಸಿ ಸೊಟ್ಟಗಾಗಿದೆ. ರಿವೆಟ್ ಇರಬೇಕಾದೆಡೆ ಬೆಸುಗೆಯಿದ್ದರೆ ಹಿಂದೆ ಪೆಟ್ಟು ತಿಂದಿರಬಹುದು.

ಸಂಖ್ಯೆಯು ನೋಂದಣಿ ಪತ್ರದೊಡನೆ ಹೊಂದದಿದ್ದರೆ ಅದು ಬರಿಯ ಕಬ್ಬಿಣ. ಹೊಂದಿದರೂ ತೊಡಕು ತೀರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಐವತ್ತು ವರ್ಷ ದಾಟಿದ ಗಾಡಿಗಳಿಗೆಂದು 2021ರಲ್ಲಿ ಬಂದ ನಿಯಮವೂ ಮೂಲರೂಪ ಕೆಡದ ವಾಹನಗಳಿಗಷ್ಟೇ ಅನ್ವಯಿಸುತ್ತದೆ.

ಆದಕಾರಣ, ಗರಗಸ ಹಿಡಿಯುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಜಾಣತನ. ಒಮ್ಮೆ ತುಂಡರಿಸಿದ ತೊಲೆಗೆ ಮೊದಲಿನ ರೂಪ ಮರಳಿ ಬಾರದು. ಅದಕ್ಕೆ ಸುರಿದ ಹಣವೂ ಅಷ್ಟೆ.