ಎರೆ ನೆಲಕ್ಕೂ ಪ್ಲಾಸ್ಟಿಕ್ ಹಾಳೆಯೇ?

2014ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ಹೊಂಡ ಅಂದರೆ ಪ್ಲಾಸ್ಟಿಕ್ ಹಾಳೆ ಅಂತಲೇ ಆಗಿಬಿಟ್ಟಿದೆ. ಜಗಳೂರು ಕಡೆಯ ಕೆಂಪು ಗರಸು ನೆಲಕ್ಕೆ ಅದು ಬೇಕು, ತಕರಾರಿಲ್ಲ. ಆದರೆ ಹೊನ್ನಾಳಿ, ನ್ಯಾಮತಿಯ ಎರೆ ಹೊಲಕ್ಕೂ ಯಾಕೆ? ಇಲಿ ಕಡಿದು, ಬಿಸಿಲಿಗೆ ಹರಿದು ಚಿಂದಿಯಾದ ಮೇಲೆ ಆಯುವವರು ನಾವೇ ತಾನೆ.

ಎರೆಯ ಜೇಡಿ ಕಣ ಮಿಲಿಮೀಟರಿನ 500ನೇ ಒಂದು ಪಾಲಿಗಿಂತ ಚಿಕ್ಕದು. ಮರಳಿನ ಹಾಗೆ ಗುಂಡಗಿಲ್ಲ, ಹಪ್ಪಳದ ಹಾಗೆ ಚಪ್ಪಟೆ. ಪದರದೊಳಗೆ ನೀರು ಹೊಕ್ಕರೆ ಉಬ್ಬುತ್ತದೆ. ಹಸಿಯಲ್ಲಿ ತುಳಿದರೆ ಈ ಹಪ್ಪಳಗಳು ಜಾರಿ, ಒಂದರ ಮೇಲೊಂದು ಮಲಗಿ ಸಂದು ಮುಚ್ಚುತ್ತವೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದ ಹೊಲ ಮಳೆ ಹಿಡಿದರೆ ಕೂಡಿಕೊಳ್ಳೋದೂ ಹೀಗೆ ಉಬ್ಬಿಯೇ. ಗದ್ದೆ ಕೆಸರು ಮಾಡುವವರಿಗೆ ಇದನ್ನು ಹೇಳಿಕೊಡಬೇಕೆ? ಚನ್ನಗಿರಿಯ ಸೂಳೆಕೆರೆ ಶತಮಾನಗಳಿಂದ ನೀರು ಹಿಡಿದದ್ದು ಹಾಳೆ ಹಾಸಿ ಅಲ್ಲ.

ಹೊಂಡ ತೋಡಿದ ಕೂಡಲೇ ನೀರು ಚಿಮುಕಿಸಿ ಎತ್ತೋ ಟ್ರ್ಯಾಕ್ಟರೋ ಹಾಯಿಸಿ ಅಡಿ ತುಳಿಸಿ, ಬದಿಗೆ ದಿಮ್ಮಸು ಹೊಡೆಯಿರಿ. ಒಂದು ಮಳೆಗಾಲ ನೋಡಿ. ನೀರು ನಿಲ್ಲದಿದ್ದರೆ ಹಾಳೆ ಎಲ್ಲೂ ಓಡಿಹೋಗಲ್ಲ. ಹೊಂಡ ಪೂರ್ತಿ ಒಣಗಿದರೆ ಬಿರುಕು ಬಿಟ್ಟು ಮೊದಲ ನೀರು ಸೋರುತ್ತೆ, ಅದು ಗೊತ್ತಿರಲಿ. ಆಳದ ಆಸೆಗೆ ಎರೆ ದಾಟಿ ಗರಸಿಗೆ ಇಳಿಯಬೇಡಿ. ಇಳಿದಿದ್ದರೆ ಮೇಲಿನ ಎರೆಯನ್ನೇ ತಂದು ಅಡಿಗೆ ಹಾಸಿ ತುಳಿಸಬೇಕು.